ಬರಿದಾಗಿರದ ನಾಡು

ಚರಿತ್ರೆಯಲ್ಲಿ ಅಸತ್ಯವನ್ನು ಬೆರೆಸಬೇಕಾದರೆ ಘಟನೆಗಳನ್ನು ಕಲ್ಪಿಸಲೇಬೇಕೆಂದಿಲ್ಲ. ನಡೆದುದನ್ನೇ ಹೇಳುತ್ತ, ಕಥೆಯನ್ನು ತಮಗೆ ಅನುಕೂಲವಾದ ದಿನದಿಂದ ಆರಂಭಿಸಿದರೆ ಸಾಕು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ೪೬ನೆಯದಾದ ಓಕ್ಲಾಹೋಮಾದ ಚರಿತ್ರೆಯನ್ನು ಲೋಕವು ಬಹುಕಾಲ ಕಲಿತದ್ದು ಹೀಗೆಯೇ.

ಆ ಕಥೆಯು ೧೮೮೯ನೆಯ ಇಸವಿ ಏಪ್ರಿಲ್ ೨೨ನೆಯ ತಾರೀಖು ಮಧ್ಯಾಹ್ನ ಹನ್ನೆರಡು ಗಂಟೆಗೆ ಪ್ರಾರಂಭವಾಗುತ್ತದೆ. ಸುಮಾರು ೫೦,೦೦೦ ಜನರು ಗಡಿಯ ಮೇಲೆ ಕಾದು ನಿಂತಿದ್ದಾರೆ. ಸಂಜ್ಞೆಯಾದೊಡನೆ ಕುದುರೆಗಳ ಮೇಲೆಯೂ ಬಂಡಿಗಳಲ್ಲಿಯೂ ಉಗಿಬಂಡಿಯಲ್ಲಿಯೂ ಧಾವಿಸುತ್ತಾರೆ. ಯಾರು ಮೊದಲು ಗೂಟ ನೆಡುವರೋ ಅವರಿಗೆ ೧೬೦ ಎಕರೆ ಭೂಮಿ. ಬೆಳಿಗ್ಗೆ ಬಯಲಾಗಿದ್ದ ಗಥ್ರಿಯಲ್ಲಿ ಸಂಜೆಗೆ ಸುಮಾರು ಹತ್ತು ಸಾವಿರ ಜನರ ಡೇರೆಗಳ ಪಟ್ಟಣವೇ ಎದ್ದು ನಿಲ್ಲುತ್ತದೆ. ಸಂಜ್ಞೆಗೆ ಮುಂಚೆಯೇ ಕದ್ದು ನುಗ್ಗಿ ಒಳ್ಳೆಯ ನೆಲವನ್ನು ಹಿಡಿದವರಿಗೆ 'ಸೂನರ್' ಎಂದು ಹೆಸರಾಯಿತು. ಮುಂಚಿತವಾಗಿ ಬಂದವರು ಎಂದು ಅದರ ಅರ್ಥ. ಅಂದು ಬೈಗುಳವಾಗಿದ್ದ ಆ ಮಾತೇ ಇಂದು ಆ ಸಂಸ್ಥಾನದ ಬಿರುದಾಗಿದೆ! ಶಾಲೆಯ ಮಕ್ಕಳಿಂದ ಈ ಓಟವನ್ನು ಆಟವಾಗಿ ಆಡಿಸುವ ರೂಢಿಯೂ ಅಲ್ಲಿ ಬಹುಕಾಲ ನಡೆದುಬಂತು.

ಕಥೆ ರಮ್ಯವಾಗಿದೆ, ಸಾಹಸವೂ ಸುಳ್ಳಲ್ಲ. ಆದರೆ ನಾವು ಕೇಳುವ ಪ್ರಶ್ನೆ ಒಂದೇ: ಓಡಿಬಂದು ಹಿಡಿದ ಆ ನೆಲವು ಅದಕ್ಕೆ ಮುಂಚೆ ಯಾರದಾಗಿತ್ತು?

ಉತ್ತರವು ಆ ಸಂಸ್ಥಾನದ ಹೆಸರಿನಲ್ಲಿಯೇ ಅದೆ. 'ಓಕ್ಲಾ' ಎಂದರೆ ಜನ, 'ಹುಮ್ಮಾ' ಎಂದರೆ ಕೆಂಪು. ಇವು ಚಾಕ್ಟಾ ಭಾಷೆಯ ಶಬ್ದಗಳು. ೧೮೬೬ರಲ್ಲಿ ಈ ಹೆಸರನ್ನು ಸೂಚಿಸಿದವನು ಚಾಕ್ಟಾ ಜನರ ಮುಖಂಡನಾದ ಅಲೆನ್ ರೈಟ್. ಒಂದು ಜನಾಂಗವು ತನ್ನ ನುಡಿಯಲ್ಲಿ ಇಟ್ಟ ಹೆಸರನ್ನು ಹಣೆಯ ಮೇಲೆ ಬರೆದುಕೊಂಡು, ಆ ಜನಾಂಗವು ಇರಲೇ ಇಲ್ಲವೆಂಬಂತೆ ಚರಿತ್ರೆಯನ್ನು ಹೇಳುವುದಕ್ಕಿಂತ ಹೆಚ್ಚಿನ ವಿಪರ್ಯಾಸವುಂಟೆ?

ನಾಡಿನ ನಕಾಶೆಯನ್ನಾದರೂ ನೋಡಿರಿ. ದಕ್ಷಿಣಕ್ಕೆ ಕೆಂಪು ನದಿ, ಅದರಾಚೆ ಟೆಕ್ಸಾಸ್. ಪೂರ್ವಕ್ಕೆ ಓಜಾರ್ಕ್ ಮತ್ತು ವಾಷಿಟಾ ಬೆಟ್ಟಗಳ ಕಾಡುಗಳು. ಪಶ್ಚಿಮಕ್ಕೆ ಮರವಿಲ್ಲದ ಬಯಲು. ಆಗ್ನೇಯ ಮೂಲೆಯಲ್ಲಿ ವರ್ಷಕ್ಕೆ ೫೦ ಅಂಗುಲ ಮೀರಿ ಮಳೆ; ವಾಯವ್ಯದ ತುದಿಯಲ್ಲಿ ಅದರ ಮೂರನೆಯ ಒಂದು ಪಾಲು. ಆ ವಾಯವ್ಯದಲ್ಲಿ ಬಾಣಲೆಯ ಹಿಡಿಕೆಯಂತೆ ಚಾಚಿಕೊಂಡಿರುವ ಪಟ್ಟಿಯನ್ನು ಗಮನಿಸಿರಿ. ಅದರ ಅಗಲ ಕೇವಲ ೩೪ ಮೈಲು. ಅದನ್ನು ನದಿಯೂ ಕಡೆಯಲಿಲ್ಲ, ಬೆಟ್ಟವೂ ಕಡೆಯಲಿಲ್ಲ. ಅಕ್ಷಾಂಶ ೩೬½ರ ಉತ್ತರಕ್ಕೆ ಗುಲಾಮಗಿರಿಗೆ ನಿಷೇಧವಿತ್ತು. ಗುಲಾಮರನ್ನು ಬಿಡಲೊಲ್ಲದ ಟೆಕ್ಸಾಸ್ ಆ ಗೆರೆಯ ಮೇಲಿನ ನೆಲವನ್ನೇ ೧೮೫೦ರಲ್ಲಿ ಬಿಟ್ಟುಕೊಟ್ಟಿತು. ಮುಂದೆ ಕ್ಯಾನ್ಸಸ್‌ಗೆ ೩೭ನೆಯ ಅಕ್ಷಾಂಶವು ಗಡಿಯಾಯಿತು. ನಡುವೆ ಉಳಿದ ಪಟ್ಟಿಯು ೧೮೯೦ರ ವರೆಗೆ ಯಾವ ಸಂಸ್ಥಾನಕ್ಕೂ ಸೇರದೆ 'ಯಾರದೂ ಅಲ್ಲದ ನಾಡು' ಎನಿಸಿಕೊಂಡಿತು. ಕೊಮಾಂಚಿ, ಕಯೋವಾ ಜನರು ಕಾಡುಕೋಣಗಳ ಹಿಂಡನ್ನು ಬೆನ್ನಟ್ಟಿ ಬದುಕಿದ ಬಯಲು ಯಾರದೂ ಅಲ್ಲವಂತೆ!

ಪೂರ್ವಭಾಗಕ್ಕೆ ಬಂದವರಾದರೂ ತಮ್ಮ ಇಚ್ಛೆಯಿಂದ ಬಂದವರಲ್ಲ. ೧೮೩೦ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆ ಸಾಗಿಸುವ ಕಾಯಿದೆಗೆ ಅಂಕಿತ ಹಾಕಿದನು. ಜಾರ್ಜಿಯಾ ಸಂಸ್ಥಾನದ ಕಾಯಿದೆಗಳು ಚೆರೋಕೀ ನಾಡಿನಲ್ಲಿ ಸಲ್ಲವೆಂದು ಸುಪ್ರೀಮ್ ಕೋರ್ಟು ೧೮೩೨ರಲ್ಲಿ ತೀರ್ಪು ಕೊಟ್ಟರೂ ಅದರಿಂದ ಫಲವಾಗಲಿಲ್ಲ. ೧೮೩೮-೩೯ರಲ್ಲಿ ಸುಮಾರು ೧೬,೦೦೦ ಚೆರೋಕೀ ಜನರನ್ನು ಸೈನಿಕರು ಮನೆಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ರೋಗ, ಚಳಿ, ಹಸಿವುಗಳಿಂದ ಸುಮಾರು ೪,೦೦೦ ಜನರು ಮಡಿದರೆಂದು ಅಂದಾಜು. ಅದಕ್ಕೆ 'ಕಣ್ಣೀರಿನ ಹಾದಿ' ಎಂದೇ ಹೆಸರು. ಚಾಕ್ಟಾ, ಚಿಕಸಾ, ಮಸ್ಕೋಗೀ, ಸೆಮಿನೋಲ್ ಜನರ ಪಾಡೂ ಇದೇ. ಕಳೆದುಕೊಂಡ ನಾಡಿನ ಬದಲಿಗೆ ಈ ಹೊಸ ನೆಲವು ನಿಮ್ಮದೆಂದು ಸರಕಾರವು ಅವರಿಗೆ ಕರಾರು ಬರೆದುಕೊಟ್ಟಿತು.

ಇಂಥ ಜನರು ಇಲ್ಲಿ ಮಾಡಿದ್ದೇನು? ಅಳುತ್ತ ಕುಳಿತರೇ? ಇಲ್ಲ. ಸೆಕ್ವೋಯಾ ಎಂಬ ಚೆರೋಕೀ ಬೆಳ್ಳಿಗೆಲಸಗಾರನಿಗೆ ಇಂಗ್ಲಿಷ್ ಓದಲು ಬಾರದಿದ್ದರೂ ಅವನು ಒಬ್ಬನೇ ಕುಳಿತು ತನ್ನ ನುಡಿಗೆ ಲಿಪಿಯನ್ನು ರಚಿಸಿ ೧೮೨೧ರಲ್ಲಿ ಪೂರೈಸಿದ್ದನು. ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರದಂತೆ ಬಳಕೆಯಲ್ಲಿ ನಿಂತವು ೮೫. ಆ ಲಿಪಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಅವರ ವೃತ್ತಪತ್ರಿಕೆ ೧೮೨೮ರಲ್ಲಿಯೇ ಜಾರ್ಜಿಯಾದಲ್ಲಿ ಹೊರಟಿತ್ತು. ಹೊಸ ನಾಡಿನ ತಾಲೆಕ್ವಾ ಪಟ್ಟಣದಲ್ಲಿ ೧೮೩೯ರಲ್ಲಿ ರಾಜ್ಯಘಟನೆ, ೧೮೪೪ರಲ್ಲಿ ಮತ್ತೆ ಪತ್ರಿಕೆ, ೧೮೫೧ರಲ್ಲಿ ಹುಡುಗರಿಗೊಂದು ಹುಡುಗಿಯರಿಗೊಂದು ಉಚ್ಚ ವಿದ್ಯಾಲಯ. ಭೂಮಿಗೆ ಓಡಿಬಂದವರ ಮೊದಲ ಡೇರೆ ಏಳುವುದಕ್ಕೆ ೩೮ ವರ್ಷ ಮೊದಲೇ ಇಲ್ಲಿ ಹೆಣ್ಣುಮಕ್ಕಳು ಉಚ್ಚ ಶಿಕ್ಷಣ ಪಡೆಯುತ್ತಿದ್ದರು. ಇದನ್ನು ಬರಿದಾದ ನಾಡೆನ್ನುವವನ ಕಣ್ಣೇ ಬರಿದು!

ದೋಷವನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ಈ ಜನಾಂಗಗಳ ಶ್ರೀಮಂತರೂ ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಅಂತರ್ಯುದ್ಧದಲ್ಲಿ ಇವರ ಹಲವು ಮುಖಂಡರು ದಕ್ಷಿಣದವರ ಪಕ್ಷವನ್ನು ವಹಿಸಿದರು. ಅದೇ ನೆಪದಿಂದ ೧೮೬೬ರ ಕರಾರುಗಳಲ್ಲಿ ಅವರಿಂದ ಪಶ್ಚಿಮದ ನೆಲವನ್ನು ಕಿತ್ತುಕೊಳ್ಳಲಾಯಿತು. ೧೮೮೯ರ ಓಟವು ನಡೆದದ್ದು ಆ ನೆಲದ ಒಂದು ಭಾಗದ ಮೇಲೆ. ಅಷ್ಟಕ್ಕೂ ತೃಪ್ತಿಯಾಗದೆ, ೧೮೯೮ರ ಕರ್ಟಿಸ್ ಕಾಯಿದೆಯು ಉಳಿದ ಸಾಮುದಾಯಿಕ ಭೂಮಿಯನ್ನು ತುಂಡರಿಸಿ ಆಳಿಗಿಷ್ಟೆಂದು ಹಂಚಿಸಿತು. ಅವರ ನ್ಯಾಯಾಲಯಗಳನ್ನೂ ಮುಚ್ಚಿಸಿತು. ಹಂಚಿಕೆಯಾದ ಮೇಲೆ ಪಾಲಕರೆಂದು ನೇಮಕವಾದವರೇ ಅನಾಥ ಬಾಲಕರ ಎಣ್ಣೆಯ ಭೂಮಿಗಳನ್ನು ನುಂಗಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇಷ್ಟಾದರೂ ಅವರು ಕೊನೆಯ ಪ್ರಯತ್ನವನ್ನು ಬಿಡಲಿಲ್ಲ. ೧೯೦೫ರಲ್ಲಿ ಮಸ್ಕೋಗೀ ಪಟ್ಟಣದಲ್ಲಿ ಐದು ಜನಾಂಗಗಳ ಪ್ರತಿನಿಧಿಗಳು ಸಮಾವೇಶಗೊಂಡು, ಪ್ಲೆಸೆಂಟ್ ಪೋರ್ಟರನ ಅಧ್ಯಕ್ಷತೆಯಲ್ಲಿ ಪ್ರತ್ಯೇಕ ಸಂಸ್ಥಾನಕ್ಕೆ ರಾಜ್ಯಘಟನೆಯನ್ನು ರಚಿಸಿದರು. ಅದಕ್ಕೆ ಇಟ್ಟ ಹೆಸರು, ಲಿಪಿಯನ್ನು ಕೊಟ್ಟ ಆ ಸೆಕ್ವೋಯಾನದು. ಜನರ ಮತ ಕೇಳಿದಾಗ ಪರವಾಗಿ ೫೬,೨೭೯, ವಿರುದ್ಧವಾಗಿ ೯,೦೭೩. ಇದಕ್ಕಿಂತ ಸ್ಪಷ್ಟವಾಗಿ ಒಂದು ನಾಡು ತನ್ನ ಮನಸ್ಸನ್ನು ಹೇಗೆ ಹೇಳಬೇಕು? ಕಾಂಗ್ರೆಸ್ ಸಭೆಯು ಅದನ್ನು ವಿಚಾರಣೆಗೆ ಸಹ ಯೋಗ್ಯವೆಂದು ಎಣಿಸಲಿಲ್ಲ. ಹೊಸ ಸಂಸ್ಥಾನದಿಂದ ವಿರುದ್ಧ ಪಕ್ಷದವರು ಆರಿಸಿ ಬಂದಾರೆಂಬ ಲೆಕ್ಕಾಚಾರವೇ ಅಲ್ಲಿ ಮೇಲಾಯಿತು. ೧೯೦೭ರ ನವೆಂಬರ್ ೧೬ರಂದು ಎರಡೂ ನಾಡುಗಳನ್ನು ಸೇರಿಸಿ ಒಂದೇ ಸಂಸ್ಥಾನವನ್ನು ಮಾಡಲಾಯಿತು. ಗಥ್ರಿಯಲ್ಲಿ ವಧುವರರ ವೇಷ ಹಾಕಿಸಿ ಈ ಸಂಯೋಗದ ಮದುವೆಯಾಟವನ್ನೂ ಆಡಿಸಿದರು. ವಧುವಿನ ಒಪ್ಪಿಗೆ ಕೇಳಿದವರಾರು?

ಅನ್ಯಾಯದ ತಳಹದಿಯ ಮೇಲೆ ಕಟ್ಟಿದ ಮನೆಯ ಮೊದಲ ಕೆಲಸವೂ ಅದಕ್ಕೆ ತಕ್ಕುದಾಗಿತ್ತು. ನೂತನ ಸೆನೆಟ್ ಸಭೆಯ ಒಂದನೆಯ ಮಸೂದೆಯೇ ಉಗಿಬಂಡಿಗಳಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಕೂಡ್ರಿಸುವ ಕಾಯಿದೆಯಾಯಿತು. ಹದಿನಾಲ್ಕು ವರ್ಷಗಳೊಳಗೆ, ೧೯೨೧ರ ಮೇ ೩೧ ಮತ್ತು ಜೂನ್ ೧ರಂದು, ಟಲ್ಸಾ ನಗರದಲ್ಲಿ ಬಿಳಿಯರ ಗುಂಪುಗಳು ಗ್ರೀನ್‌ವುಡ್ ಎಂಬ ಕರಿಯರ ಸಮೃದ್ಧ ಕೇರಿಯ ಸುಮಾರು ೩೫ ಮೊಹಲ್ಲೆಗಳನ್ನು ಸುಟ್ಟು ಬೂದಿಮಾಡಿದವು. ಸತ್ತವರು ನೂರರಿಂದ ಮುನ್ನೂರರ ವರೆಗೆ ಎಂದು ಇತಿಹಾಸಜ್ಞರ ಅಂದಾಜು. ಸಂಸ್ಥಾನವು ನೇಮಿಸಿದ ಆಯೋಗವು ಇದರ ವರದಿಯನ್ನು ಒಪ್ಪಿಸಿದ್ದು ೨೦೦೧ರಲ್ಲಿ. ಎಂಬತ್ತು ವರ್ಷಗಳ ಮೌನ!

ಪ್ರತಿಪಕ್ಷದವರು ಹೇಳುವರು: ಓಡಿಬಂದವರು ಬಡವರು, ಅವರು ಬೆವರು ಸುರಿಸಿ ನೆಲವನ್ನು ಉತ್ತರು, ಅವರನ್ನೇಕೆ ನಿಂದಿಸುವಿರಿ? ನಾವು ಬಡವನನ್ನು ನಿಂದಿಸುತ್ತಿಲ್ಲ. ಅವನ ಮಕ್ಕಳೇ ೧೯೩೦ರ ದಶಕದ ಧೂಳಿನ ಬಿರುಗಾಳಿಗಳಲ್ಲಿ ಮನೆಮಠ ತೊರೆದು ಗುಳೆ ಹೋದರು. ಆ ಕಾಲದ ದುಃಖವನ್ನು ಅದೇ ನಾಡಿನ ವುಡಿ ಗಥ್ರಿ ಹಾಡಾಗಿ ಹಾಡಿದನು. ನಾವು ನಿಂದಿಸುವುದು ಒಬ್ಬ ಬಡವನಿಗೆ ಕೊಡಲು ಇನ್ನೊಬ್ಬ ಬಡವನಿಂದ ಕಿತ್ತುಕೊಂಡು, ಅದನ್ನು ಔದಾರ್ಯವೆಂದು ಕರೆದ ಸರಕಾರವನ್ನು.

ಸತ್ಯವನ್ನು ನುಡಿದವಳೂ ವಲಸೆ ಬಂದವರ ಮಗಳೇ ಎಂಬುದನ್ನು ಮರೆಯಬಾರದು. ೧೮೯೯ರಲ್ಲಿ ಬಾಲಕಿಯಾಗಿ ಬಂಡಿಯಲ್ಲಿ ಬಂದ ಏಂಜಿ ಡೆಬೋ ಕಾಗದಪತ್ರಗಳನ್ನು ಶೋಧಿಸಿ ಈ ಭೂಹರಣದ ವೃತ್ತಾಂತವನ್ನು ಬರೆದಳು. ಪ್ರತಿಷ್ಠಿತರ ಹೆಸರುಗಳಿದ್ದ ಆ ಗ್ರಂಥವನ್ನು ಸ್ವಂತ ಸಂಸ್ಥಾನದ ವಿಶ್ವವಿದ್ಯಾಲಯದ ಮುದ್ರಣಾಲಯವು ಕೈಬಿಟ್ಟಿತು. ೧೯೪೦ರಲ್ಲಿ ದೂರದ ಪ್ರಿನ್ಸ್‌ಟನ್ ಅದನ್ನು ಪ್ರಕಟಿಸಿತು. ಕೊನೆಗೆ ೧೯೮೫ರಲ್ಲಿ ಅವಳ ಚಿತ್ರಪಟವು ಸಂಸ್ಥಾನದ ಶಾಸನಭವನದಲ್ಲಿಯೇ ತೂಗಿತು. ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ ಪಂದ್ಯಗಳ ವೀರ ಜಿಮ್ ಥಾರ್ಪ್, ವಿನೋದಕಾರ ವಿಲ್ ರಾಜರ್ಸ್, ನರ್ತಕಿ ಮರಿಯಾ ಟಾಲ್‌ಚೀಫ್, ಚೆರೋಕೀ ಜನರ ಮೊದಲ ಮಹಿಳಾ ಮುಖ್ಯಸ್ಥೆ ವಿಲ್ಮಾ ಮ್ಯಾನ್‌ಕಿಲರ್, ಕಾದಂಬರಿಕಾರ ಸ್ಕಾಟ್ ಮೊಮಡೇ, ಇವರೆಲ್ಲರೂ ಆ ನೆಲದ ಮೂಲಜನರ ಮಕ್ಕಳೇ. ಅಳಿದುಹೋದರೆಂದು ಬರೆಯಲ್ಪಟ್ಟವರಿಂದಲೇ ಸಂಸ್ಥಾನಕ್ಕೆ ಇಷ್ಟು ಕೀರ್ತಿ!

೨೦೨೦ರ ಜುಲೈ ೯ರಂದು ಅಮೇರಿಕೆಯ ಸುಪ್ರೀಮ್ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ತೀರ್ಪಿತ್ತಿತು: ಮಸ್ಕೋಗೀ ಜನರಿಗೆ ಕೊಟ್ಟ ಮೀಸಲು ನೆಲವನ್ನು ಕಾಂಗ್ರೆಸ್ ಎಂದೂ ವಿಧಿಪೂರ್ವಕವಾಗಿ ರದ್ದುಪಡಿಸಿಲ್ಲ, ಕರಾರು ಕರಾರೇ. ೨೦೨೨ರಲ್ಲಿ ಇನ್ನೊಂದು ತೀರ್ಪಿನಿಂದ ಇದರ ಬಲವು ಕೆಲಮಟ್ಟಿಗೆ ಕುಗ್ಗಿತೆಂಬುದೂ ನಿಜ. ಆದರೂ ಬರೆದ ಮಾತು ಸಾಯಲಿಲ್ಲ.

ಭೂಗೋಲವನ್ನೂ ಚರಿತ್ರೆಯನ್ನೂ ಕಲಿಸುವ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಯಾವುದೇ ದೇಶದ ಪುಸ್ತಕದಲ್ಲಿ 'ನಿರ್ಜನವಾದ ನಾಡು' ಎಂಬ ಮಾತು ಬಂದಾಗ ಅಲ್ಲಿ ತುಸು ನಿಲ್ಲಿರಿ. ಆ ನಾಡಿನ ಹೆಸರು ಯಾವ ಭಾಷೆಯದೆಂದು ಮಕ್ಕಳಿಂದ ಕೇಳಿಸಿರಿ. ನುಡಿಯೊಂದು ನೆಲಕ್ಕೆ ಹೆಸರಿಟ್ಟಿದ್ದರೆ, ಆ ನೆಲದ ಮೇಲೆ ಜನರಿದ್ದರೆಂದೇ ಅರ್ಥ.