ನಡೆಯಲು ತಡಮಾಡುವ ಮಕ್ಕಳು

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾದಾಗ ಕಲಬುರಗಿಯ ಸಮೀಪದ ತಾಜ್‌ಸುಲ್ತಾನಪುರದಲ್ಲಿ ಕೆಲವು ತಂದೆತಾಯಿಗಳು ಅಂಗವೈಕಲ್ಯವುಳ್ಳ ತಮ್ಮ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಹಾಗೆ ಮಾಡಿದರೆ ಕೈಕಾಲು ಸರಿಹೋಗುವುದೆಂಬ ನಂಬಿಕೆ. ಆಗ ಹೈಸ್ಕೂಲಿನಲ್ಲಿದ್ದ ನಾನು ಗೆಳೆಯರೊಡನೆ ಆ ಸುದ್ದಿಯನ್ನೋದಿ ನಕ್ಕವನೇ. ಆ ತಾಯಂದಿರಿಗೆ ಮಣ್ಣಿನ ಬದಲು ಬೇರೇನು ಮಾಡಬೇಕೆಂದು ಸಕಾಲದಲ್ಲಿ ಯಾರು ಹೇಳಿದ್ದರೆಂದು ಮಾತ್ರ ಕೇಳಲಿಲ್ಲ.

ಈ ಪ್ರಶ್ನೆ ಹೊಳೆದದ್ದು ನನ್ನ ಅಕ್ಕನ ಮಗಳಿಂದ. 11 ತಿಂಗಳಾದರೂ ಮಗು ಆಸರೆಯಿಲ್ಲದೆ ಕೂರುತ್ತಿರಲಿಲ್ಲ. "ಅದರಪ್ಪನೂ ತಡವಾಗಿಯೇ ನಡೆದದ್ದು" ಎಂದರು ಅಕ್ಕನ ಅತ್ತೆ. ಕಾಲೇಜಿನ ಮೆಟ್ಟಿಲು ಹತ್ತಿದವನು ಮನೆಯಲ್ಲಿ ನಾನೊಬ್ಬನೇ ಆದ್ದರಿಂದ, "ನೀನಾದರೂ ಓದಿದವನು, ಹೇಳೋ" ಎಂದಳು ಅಕ್ಕ. ಇತಿಹಾಸ ಅರ್ಥಶಾಸ್ತ್ರಗಳನ್ನು ಓದುತ್ತಿದ್ದ ನಾನು, "ಸ್ವಲ್ಪ ದಿನ ನೋಡೋಣ" ಎಂದೆ. ಪೇಟೆಯ ವೈದ್ಯರೊಬ್ಬರು ಹೇಳಿದ್ದೂ ಅದನ್ನೇ. ಹೀಗೆ 5 ತಿಂಗಳು ಕಳೆದವು.

ತಡವೆಂದರೆ ಎಷ್ಟು? ಭಾರತವೂ ಸೇರಿದಂತೆ 5 ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಲೆಕ್ಕವೊಂದನ್ನು ಪ್ರಕಟಿಸಿತು. ಅದರಂತೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ 9 ತಿಂಗಳ ಸುಮಾರಿಗೆ ಆಸರೆಯಿಲ್ಲದೆ ಕೂರುತ್ತವೆ, 18 ತಿಂಗಳೊಳಗೆ ತಾವಾಗಿ ನಡೆಯುತ್ತವೆ. ಈ ಗಡಿ ದಾಟಿದ ಮಕ್ಕಳೆಲ್ಲ ರೋಗಿಗಳಲ್ಲ, ನಿಜ. ತಾವಾಗಿಯೇ ಸರಿಹೋಗುವವೂ ಉಂಟು. ಆದರೆ ಯಾವುದು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲವೆಂದು ಅಜ್ಜಿಯಾಗಲಿ ನಾನಾಗಲಿ ಹೇಳಬಲ್ಲೆವೆ? ಹುಟ್ಟುವಾಗ ಉಸಿರುಕಟ್ಟಿದ್ದೋ, ದಿನ ತುಂಬುವ ಮುನ್ನ ಹುಟ್ಟಿದ್ದೋ ಕಾರಣವಿರಬಹುದು. ಥೈರಾಯ್ಡ್ ಕೊರತೆಯಾದರೆ ದಿನಕ್ಕೊಂದು ಗುಳಿಗೆ ಬೇಕು, ಬರಿಯ ವ್ಯಾಯಾಮ ಸಾಲದು. ಆದುದರಿಂದ ಮೊದಲು ತಪಾಸಣೆ.

ಕೊನೆಗೆ ಜಿಲ್ಲಾ ಆಸ್ಪತ್ರೆಗೆ ಹೋದಾಗ ಫಿಜಿಯೋಥೆರಪಿ ಎಂಬುದನ್ನು ಮೊದಲ ಬಾರಿ ಕಂಡೆ. ಮಂತ್ರವೂ ಇಲ್ಲ, ದೊಡ್ಡ ಯಂತ್ರವೂ ಇಲ್ಲ. ಹಳೆಯ ಸೀರೆಯನ್ನು ಸುರುಳಿ ಸುತ್ತಿ ಎದೆಯ ಕೆಳಗಿಟ್ಟು ಮಗುವನ್ನು ಬೋರಲು ಮಲಗಿಸುವುದು. ಹೊಳೆಯುವ ಸ್ಟೀಲ್ ಲೋಟವನ್ನು ಕೈಗೆ ಎಟುಕೀತು ಎನ್ನುವಷ್ಟು ದೂರದಲ್ಲಿಡುವುದು. ಪಾದಗಳು ನೆಲಕ್ಕೂರುವಂತೆ ತಾಯಿಯ ತೊಡೆಯ ಮೇಲೆ ಕೂರಿಸಿ, ಏಳುವಂತೆ ಪುಸಲಾಯಿಸುವುದು. ಎಣ್ಣೆ ತೀಡಿ ಕಾಲನ್ನು ಮಡಚಿ ನೀಡುವುದೇ ಚಿಕಿತ್ಸೆಯೆಂದು ನಾವು ತಿಳಿದಿದ್ದೆವು. ಮಗು ತಾನೇ ಯತ್ನಿಸಬೇಕು, ದಿನವೂ ಯತ್ನಿಸಬೇಕು, ಅದಕ್ಕೆ ಅನುವು ಮಾಡಿಕೊಡುವುದಷ್ಟೇ ದೊಡ್ಡವರ ಕೆಲಸ ಎಂದರು ಅಲ್ಲಿನ ಚಿಕಿತ್ಸಕಿ. ಮೊದಲ ವರ್ಷಗಳಲ್ಲಿ ಮಿದುಳು ಹೊಸದನ್ನು ಕಲಿಯುವ ಶಕ್ತಿ ಹೆಚ್ಚಂತೆ. ನಾವು ಆಸೆಪಟ್ಟು ಕೊಂಡಿದ್ದ ಗಾಲಿಯ ವಾಕರನ್ನು ಆಕೆ ಬೇಡವೆಂದರು. (ಕೆನಡಾ ದೇಶ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.) ಮಕ್ಕಳು ಹಿಡಿದು ತಳ್ಳುವ ಮೂರು ಗಾಲಿಯ ಮರದ ಗಾಡಿಯೇ ಮೇಲು, ಉರುಳಿಹೋಗದಂತೆ ಇಟ್ಟಿಗೆಯೊಂದನ್ನು ಹೇರಿ ಎಂದರು.

ಇದೆಲ್ಲ ಮನೆಯಲ್ಲೇ ಆಗುವ ಕೆಲಸ. ಆದರೆ ಕಲಿಯಲು, ತಿದ್ದಿಸಿಕೊಳ್ಳಲು ಹದಿನೈದು ದಿನಕ್ಕೊಮ್ಮೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಚಿಕಿತ್ಸೆಗೆ ಹಣವಿಲ್ಲ, ಸರಿ. ಬಸ್ಸಿನ ಹೊತ್ತು, ಅಕ್ಕನ ಒಂದು ದಿನದ ಕೂಲಿ? ಇವು ಯಾವ ಲೆಕ್ಕದಲ್ಲೂ ಬರುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಯೋಜನೆ ಒಳ್ಳೆಯದೇ. ಆದರೆ ತಪಾಸಣೆ ಅತ್ಯಗತ್ಯವಾದ ಒಂದು ವರ್ಷದ ಕೂಸು ಅಂಗನವಾಡಿಯಲ್ಲಿ ಕೂರುವುದಿಲ್ಲ, ಅಜ್ಜಿಯ ಮಡಿಲಲ್ಲಿರುತ್ತದೆ. ಚಿಕಿತ್ಸಕರು ವಾರಕ್ಕೊಮ್ಮೆಯಾದರೂ ಹೋಬಳಿಗೆ ಬರಬೇಕು, ತಾಯಿಗೆ ಆ ದಿನದ ಕೂಲಿ ಸಿಗಬೇಕು ಎಂಬುದು ನನ್ನ ವಾದ. ಖರ್ಚಿನ ಮಾತೆತ್ತುವವರು, ಜೀವಮಾನವೆಲ್ಲ ಎತ್ತಿಕೊಂಡೇ ತಿರುಗಬೇಕಾದ ಖರ್ಚನ್ನೂ ಕೂಡಿ ನೋಡಲಿ.

ನಮ್ಮ ಎನ್.ಎಸ್.ಎಸ್. ಶಿಬಿರದಲ್ಲಿ ಪ್ರತಿವರ್ಷ ಗುಡಿಯ ಅಂಗಳ ಗುಡಿಸುತ್ತೇವೆ. ಮುಂದಿನ ಬಾರಿ ಮನೆಮನೆಗೆ ಹೋಗಿ, 9 ತಿಂಗಳ ಮಗು ಕೂರುತ್ತಿದೆಯೇ ಎಂದು ಕೇಳಿ ಬರಬಾರದೇಕೆ?

ಅಕ್ಕನ ಮಗಳಿಗೆ ಈಗ 3 ವರ್ಷ. ಗಾಡಿ ಬಿಟ್ಟು ಹತ್ತು ಹೆಜ್ಜೆ ಇಟ್ಟು ಕುಕ್ಕರಿಸುತ್ತಾಳೆ. ಎಡಗಾಲಿನ ಬಿಗಿತ ಪೂರ್ತಿ ಹೋಗಿಲ್ಲ, ಹೋಗುವುದೆಂದು ಯಾರೂ ಮಾತು ಕೊಟ್ಟಿಲ್ಲ. ಆ 5 ತಿಂಗಳ ಬಗ್ಗೆ ಅಕ್ಕ ನನ್ನನ್ನು ಒಮ್ಮೆಯೂ ಕೇಳಿಲ್ಲ.