ನಲ್ಲಿ ಎಣಿಸಿದವರು ನೀರು ಎಣಿಸಲಿಲ್ಲ

ನಮ್ಮ ಭಾಗದ ಜನರಿಗೆ ಸರ್ವೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಹೊಲ ಅಳೆಯಲು ಸರಪಳಿ ಹಿಡಿದು ಬಂದ ಪೈಮಾಯಿಷಿನವರಿಂದ ಹಿಡಿದು, 2025ರ ಸೆಪ್ಟೆಂಬರಿನಲ್ಲಿ ಮೊಬೈಲು ಹಿಡಿದು ಮನೆಮನೆಗೆ ಬಂದ ಶಾಲಾ ಶಿಕ್ಷಕರವರೆಗೆ ಎಲ್ಲರಿಗೂ ಬಸವಕಲ್ಯಾಣ, ಹುಮನಾಬಾದಿನ ಮನೆಗಳು ಬಾಗಿಲು ತೆರೆದಿವೆ. ಹೆಸರು ಕೇಳಿದರು, ಹೇಳಿದೆವು. ಜಾತಿ ಕೇಳಿದರು, ಹೇಳಿದೆವು. ಮನೆ ಮಣ್ಣಿನದೋ ಸಿಮೆಂಟಿನದೋ, ಒಲೆ ಕಟ್ಟಿಗೆಯದೋ ಗ್ಯಾಸಿನದೋ, ಸೈಕಲ್ ಇದೆಯೋ ಮೋಟಾರ್ ಸೈಕಲ್ ಇದೆಯೋ ಎಲ್ಲವನ್ನೂ ಹೇಳಿದೆವು. ಬರೆದುಕೊಂಡು ಹೋದವರು ಮತ್ತೆ ತಿರುಗಿ ಬಂದು, "ನೀವು ಹೇಳಿದ್ದರಿಂದ ನಮಗೆ ತಿಳಿದದ್ದು ಇಷ್ಟು" ಎಂದು ಓಣಿಯಲ್ಲಿ ನಿಂತು ಓದಿ ಹೇಳಿದ್ದು ಉಂಟೇ?

ಈ ಪ್ರಶ್ನೆಯನ್ನು ಕೇಳದೆ ನಾವು ಇಷ್ಟು ವರ್ಷ ಕಳೆದಿದ್ದೇವೆ. ಸರ್ವೆ ಬೇಡ ಎಂಬುದು ನನ್ನ ವಾದವಲ್ಲ. ಸರ್ವೆ ಬೇಕು, ನಕಾಶೆ ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಈವರೆಗೆ ನಡೆದದ್ದು ಜನರನ್ನು ಎಣಿಸುವ ಸರ್ವೆ. ಇನ್ನು ಮುಂದೆ ನಡೆಯಬೇಕಾದದ್ದು ಸರ್ಕಾರದ ಕೆಲಸವನ್ನು ಜನರು ಎಣಿಸುವ ಸರ್ವೆ. ಎರಡಕ್ಕೂ ಹೆಸರು ಒಂದೇ ಆದರೂ ಗುಣ ಬೇರೆ.

2011ರ ಜನಗಣತಿಯ ಮನೆಪಟ್ಟಿಯನ್ನೇ ನೋಡಿ. ಕುಡಿಯುವ ನೀರಿನ ಮೂಲ ಯಾವುದು ಎಂದು ಅದು ಕೇಳಿತು: ನಲ್ಲಿಯೋ, ಬಾವಿಯೋ, ಕೈಪಂಪೋ, ಬೋರ್‌ವೆಲ್ಲೋ? ನೀರು ಎಲ್ಲಿದೆ ಎಂದೂ ಕೇಳಿತು: ಮನೆಯ ಆವರಣದಲ್ಲೋ, ಹತ್ತಿರದಲ್ಲೋ, ದೂರದಲ್ಲೋ? ಪಟ್ಟಣದಲ್ಲಿ 100 ಮೀಟರ್, ಹಳ್ಳಿಯಲ್ಲಿ 500 ಮೀಟರ್ ದಾಟಿದರೆ ಮಾತ್ರ ಅದು ದೂರ. ಆದರೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಹಗಲು ಬರುತ್ತದೆಯೋ ನಡುರಾತ್ರಿ ಬರುತ್ತದೆಯೋ ಎಂದು ಕೇಳಲಿಲ್ಲ. ಹಾಗಾಗಿ ದಿನವೂ ನೀರು ಬರುವ ಬೆಂಗಳೂರಿನ ಬಡಾವಣೆಯ ನಲ್ಲಿಯೂ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗಾಳಿ ಊದುವ ನಮ್ಮ ಮೊಹಲ್ಲಾದ ನಲ್ಲಿಯೂ ಗಣತಿಯ ಕಾಗದದ ಮೇಲೆ ಸರಿಸಮಾನ. ನಲ್ಲಿಗಾಗಿ ರಾತ್ರಿ ಎದ್ದು ಕೂರುವ ಹೆಣ್ಣುಮಗಳ ನಿದ್ದೆಗೆ ಆ ಕಾಗದದಲ್ಲಿ ಒಂದು ಕಾಲಮ್ಮೂ ಇಲ್ಲ.

ಅದೂ ಹಳೆಯ ಲೆಕ್ಕ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ, 2027ಕ್ಕೆ ಹೋಯಿತು. 2011ರಲ್ಲಿ ಬಸವಕಲ್ಯಾಣ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ. ಆ ವರ್ಷ ಹುಟ್ಟಿದ ಮಗು ಈಗ ಹೈಸ್ಕೂಲಿನಲ್ಲಿದೆ. ಅದರ ಓಣಿಯಲ್ಲಿ ಎಷ್ಟು ಮನೆ ಎದ್ದವು, ಎಷ್ಟು ಹೊಲ ಪ್ಲಾಟ್ ಆದವು ಎಂಬುದು ಓಣಿಯವರಿಗೆಲ್ಲ ಗೊತ್ತು. ಯೋಜನೆಗಳ ಕಾಗದಗಳು ಮಾತ್ರ ಇವತ್ತಿಗೂ 2011ರ ಅಂಕಿಗಳಿಗೇ ಜೋತುಬಿದ್ದಿವೆ.

ಇನ್ನು ನಮ್ಮ ಭಾಗದ ನಾಯಕರು ಪ್ರತಿ ಭಾಷಣದಲ್ಲೂ ಎತ್ತಿ ಹಿಡಿಯುವ ಡಾ. ಡಿ.ಎಂ. ನಂಜುಂಡಪ್ಪ ವರದಿ. 2002ರಲ್ಲಿ ಸಲ್ಲಿಕೆಯಾದ ಆ ವರದಿಯ ಋಣ ದೊಡ್ಡದು. 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲೂಕುಗಳನ್ನು ತೂಗಿ, 114 ಹಿಂದುಳಿದವು ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲಬರ್ಗಾ ವಿಭಾಗದವು ಎಂದು ಅಂಕಿ ಸಮೇತ ತೋರಿಸಿತು. ಅದಕ್ಕೆ ಮೊದಲು ನಮ್ಮದು ಬರೀ ಗೋಳು ಎನಿಸಿಕೊಳ್ಳುತ್ತಿತ್ತು. ಆ ವರದಿಯ ನಂತರ ಅದು ವಾದವಾಯಿತು. 2012ರಲ್ಲಿ ಸಂಸತ್ತು 371 ಜೆ ತಿದ್ದುಪಡಿಯನ್ನು ಒಪ್ಪುವಾಗ, 2013ರಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟುವಾಗ ಈ ಅಂಕಿಗಳೇ ಬೆನ್ನಿಗಿದ್ದವು. ಒಂದು ಒಳ್ಳೆಯ ಎಣಿಕೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದರೆ ಆ ವರದಿಯ ಅಳತೆಗೋಲು ತಾಲೂಕು. ತಾಲೂಕೆಂದರೆ ಸರಾಸರಿ. ಕೋಟೆಯ ಬುಡದ ಓಣಿಯೂ ಹೆದ್ದಾರಿ ಬದಿಯ ಹೊಸ ಲೇಔಟೂ ಕೂಡಿ ಒಂದೇ ಅಂಕಿ. ತಲೆ ಒಲೆಯಲ್ಲಿ, ಕಾಲು ಮಂಜಿನಲ್ಲಿ ಇದ್ದವನ ಮೈ ಸರಾಸರಿ ಬೆಚ್ಚಗಿದೆ ಎಂದರೆ ಅವನಿಗೆ ಏನು ಸುಖ? ಅದೂ ಅಲ್ಲದೆ ಆ ತಾಲೂಕುಗಳೇ ಈಗ ಉಳಿದಿಲ್ಲ. 2017-18ರಲ್ಲಿ ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದಿನಿಂದ ಚಿಟಗುಪ್ಪ ಬೇರೆ ತಾಲೂಕುಗಳಾದವು. ಮನೆ ಪಾಲಾದ ಮೇಲೂ ಹಳೆಯ ರೇಷನ್ ಕಾರ್ಡಿನಲ್ಲೇ ಅಕ್ಕಿ ಹಂಚಿದಂತಾಯಿತು ನಮ್ಮ ಸ್ಥಿತಿ. ಹೊಸದಾಗಿ ಅಳೆಯಲು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು, ಒಳ್ಳೆಯದು. ಆದರೆ ಯಾವ ಸಮಿತಿಯೂ ನಮ್ಮ ಓಣಿಯ ಚರಂಡಿಯವರೆಗೆ ಇಳಿದು ಬರಲಾರದು. ಅದು ಸಮಿತಿಯ ಕೆಲಸವೂ ಅಲ್ಲ.

ಸರಾಸರಿಯ ಮೋಸ ಮುಸಲ್ಮಾನರಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕು. 2006ರ ನವೆಂಬರಿನಲ್ಲಿ ಸಾಚಾರ್ ವರದಿ ಸಂಸತ್ತಿನ ಮುಂದೆ ಬಂತು. ಅದರ ಬೆನ್ನಿಗೇ 2008-09ರಲ್ಲಿ ದೇಶದ 90 ಜಿಲ್ಲೆಗಳನ್ನು ಅಲ್ಪಸಂಖ್ಯಾತರು ಹೆಚ್ಚಿರುವ ಜಿಲ್ಲೆಗಳೆಂದು ಗುರುತಿಸಿ ಬಹುವಲಯ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ್ದು ಬೀದರ್ ಮತ್ತು ಗುಲಬರ್ಗಾ. ಜಿಲ್ಲೆಗಳನ್ನು ಆರಿಸಿದ್ದು 2001ರ ಜನಗಣತಿಯ ಅಂಕಿಗಳಿಂದ: ಸಾಕ್ಷರತೆ, ದುಡಿಮೆ, ಪಕ್ಕಾ ಗೋಡೆ, ಕುಡಿಯುವ ನೀರು, ವಿದ್ಯುತ್ತು, ಶೌಚಾಲಯ. ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಕಡೆಯಿಂದ ಆ ಜಿಲ್ಲೆಗಳಲ್ಲಿ ಮೂಲ ಸಮೀಕ್ಷೆಗಳೂ ನಡೆದವು. ಎಲ್ಲ ಸರಿ. ಆದರೆ ಲೆಕ್ಕದ ಘಟಕ ಜಿಲ್ಲೆ. ಹಾಸ್ಟೆಲ್ಲೋ ಅಂಗನವಾಡಿಯೋ ಜಿಲ್ಲೆಯ ಯಾವ ಮೂಲೆಯಲ್ಲಿ ಎದ್ದರೂ ಲೆಕ್ಕಕ್ಕೆ ಜಮಾ. ಯಾರ ಹೆಸರಲ್ಲಿ ಜಿಲ್ಲೆಯನ್ನು ಆರಿಸಿದರೋ ಅವರ ಮೊಹಲ್ಲಾಕ್ಕೂ ಆ ಕಟ್ಟಡಕ್ಕೂ ಎಷ್ಟು ಮೈಲಿ ಎಂದು ಅಳೆಯುವ ನಕಾಶೆ ಇರಲಿಲ್ಲ. ದೇಶದ ತುಂಬ ಈ ಟೀಕೆ ಬಂದ ಮೇಲೆಯೇ 2013-14ರಿಂದ ಘಟಕವನ್ನು ಬ್ಲಾಕಿಗೆ, ಪಟ್ಟಣಕ್ಕೆ ಇಳಿಸಿದರು. ಆ ಐದು ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಎದ್ದ ಕಟ್ಟಡಗಳನ್ನೆಲ್ಲ ಒಂದು ಹಾಳೆಯ ಮೇಲೆ ಚುಕ್ಕೆ ಇಟ್ಟು ತೋರಿಸಿ ಎಂದು ನಮ್ಮ ಯಾವ ಅಂಜುಮನ್, ಯಾವ ಕಮಿಟಿ ಕೇಳಬೇಕಿತ್ತು? ಕೇಳಲು ಯಾರೂ ಅಡ್ಡಿ ಮಾಡಿರಲಿಲ್ಲ. ಮಾಹಿತಿ ಹಕ್ಕು ಕಾಯಿದೆ 2005ರಿಂದಲೇ ಇತ್ತು.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಎರಡೂ ನಮ್ಮವರದೇ.

ಮೊದಲನೆಯದು, "ಸರ್ವೆ ಸಾಕು ಮಾಡಿ, ದುಡ್ಡು ಕೊಡಿ" ಎಂಬುದು. ಹಸಿದವನ ಮುಂದೆ ತಕ್ಕಡಿ ಇಟ್ಟರೆ ಸಿಟ್ಟು ಬರುವುದು ಸಹಜ. ಆದರೆ ದುಡ್ಡು ಬಂದಿಲ್ಲ ಎನ್ನಲಾಗದು, ಬಂದಿದೆ. ಎಲ್ಲಿಗೆ ಹೋಯಿತು ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ತಕ್ಕಡಿಯೇ. ಒಂದು ಸಿಮೆಂಟು ರಸ್ತೆಯನ್ನು ಮೂರು ವರ್ಷದಲ್ಲಿ ಎರಡು ಸಲ ಹಾಕಿದ ಓಣಿ, ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಾಕದ ಓಣಿ ಪಕ್ಕಪಕ್ಕದಲ್ಲಿದ್ದರೆ, ಅದು ಬಾಯಿಮಾತಿನಲ್ಲಿ ಹೊಟ್ಟೆಕಿಚ್ಚಿನಂತೆ ಕೇಳುತ್ತದೆ. ನಕಾಶೆಯ ಮೇಲೆ ಬರೆದರೆ ಮಾತ್ರ ಅನ್ಯಾಯದಂತೆ ಕಾಣುತ್ತದೆ.

ಎರಡನೆಯದು ಹೆಚ್ಚು ಗಂಭೀರ. "ನಮ್ಮನ್ನು ಎಣಿಸುವುದು, ನಮ್ಮ ಮನೆಗಳನ್ನು ನಕಾಶೆಗೆ ಏರಿಸುವುದು ನಮಗೇ ಕೇಡು" ಎಂಬ ಭಯ. 2019ರ ಡಿಸೆಂಬರಿನಿಂದ 2020ರ ಮೊದಲ ತಿಂಗಳುಗಳವರೆಗೆ, ಪೌರತ್ವದ ಚರ್ಚೆ ಕಾವೇರಿದ್ದಾಗ, ಕಾಗದ ಹಿಡಿದು ಬಂದವರನ್ನೆಲ್ಲ ಮೊಹಲ್ಲಾಗಳು ಅನುಮಾನದಿಂದ ನೋಡಿದವು. ಆ ಭಯವನ್ನು ನಾನು ಹಳಿಯಲಾರೆ. ನಕಾಶೆಯಿಂದ ಚರಂಡಿಯೂ ಬರಬಹುದು, ಬುಲ್ಡೋಜರೂ ಬರಬಹುದು. ಆದರೆ ಯೋಚಿಸಿ ನೋಡಿ: ನಾವು ಬಾಗಿಲು ಮುಚ್ಚಿದ ಮಾತ್ರಕ್ಕೆ ನಕಾಶೆ ಇಲ್ಲವಾಗುತ್ತದೆಯೇ? 2025ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ವಿದ್ಯುತ್ ಮೀಟರಿನ ಆರ್.ಆರ್. ನಂಬರ್ ಹಿಡಿದು ಮನೆಗಳನ್ನು ಗುರುತಿಸಿದರು. ಬಿಲ್ಲು ಕಟ್ಟಬೇಕಾದ ಮನೆ ಎಲ್ಲಿದೆ ಎಂದು ಸರ್ಕಾರಕ್ಕೆ ಗೊತ್ತು. ನೀರು ಬರಬೇಕಾದ ಮನೆ ಎಲ್ಲಿದೆ ಎಂದು ಮಾತ್ರ ಗೊತ್ತಿಲ್ಲ ಎಂದರೆ ಹೇಗೆ ನಂಬುವುದು? ಅವರ ಕೈಯಲ್ಲಿ ನಮ್ಮ ನಕಾಶೆ ಇದೆ, ನಮ್ಮ ಕೈಯಲ್ಲಿ ನಮ್ಮ ನಕಾಶೆ ಇಲ್ಲ. ಭಯಪಡಬೇಕಾದದ್ದು ಇದಕ್ಕೆ.

ಬಡವರ ಕೈಯಲ್ಲಿ ನಕಾಶೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಒಂದು ನಮ್ಮದೇ ರಾಜಧಾನಿಯದು. 1994ರಲ್ಲಿ ಸ್ಯಾಮ್ಯುಯಲ್ ಪಾಲ್ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಸರ್ಕಾರಿ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿದರು. ನೀರು, ವಿದ್ಯುತ್ತು, ದೂರವಾಣಿ, ನಗರಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ, ಆಸ್ಪತ್ರೆ. ಮಧ್ಯಮ ವರ್ಗದವರನ್ನೂ ಕೇಳಿದರು, ಕೊಳೆಗೇರಿಯವರನ್ನೂ ಕೇಳಿದರು. ನಿಮ್ಮ ಕೆಲಸ ಆಯಿತೇ, ಎಷ್ಟು ಸಲ ಅಲೆದಿರಿ, ಲಂಚ ಕೊಟ್ಟಿರಾ? ಮಕ್ಕಳ ಪ್ರೋಗ್ರೆಸ್ ಕಾರ್ಡಿನಂತೆ ಇಲಾಖೆಗಳ ಅಂಕಪಟ್ಟಿ ತಯಾರಾಯಿತು, ಪತ್ರಿಕೆಗಳಲ್ಲಿ ಬಂತು. ಬಹುಪಾಲು ಇಲಾಖೆಗಳು ನಪಾಸು. 1999ರಲ್ಲಿ ಮತ್ತೆ ಕೇಳಿದಾಗ ಸುಧಾರಣೆ ಅಲ್ಪಸ್ವಲ್ಪ. 2003ರಲ್ಲಿ ಮೂರನೆಯ ಸಲ ಕೇಳಿದಾಗ ವ್ಯತ್ಯಾಸ ಎದ್ದು ಕಂಡಿತು. ಪಾಠ ಸರಳ: ಒಮ್ಮೆ ಕೇಳಿದರೆ ಸಾಲದು. ಕೇಳಿದ್ದನ್ನು ಎಲ್ಲರೆದುರು ಹೇಳಬೇಕು, ಹೇಳಿ ಮತ್ತೆ ಕೇಳಬೇಕು. ಅಧಿಕಾರಿಗಳಿಗೆ ಸಿಟ್ಟು ಬರುತ್ತದೆ, ಬರಲಿ. ನಪಾಸಾದ ಹುಡುಗನಿಗೂ ಮೇಷ್ಟ್ರ ಮೇಲೆ ಸಿಟ್ಟು ಬರುತ್ತದೆ.

ಇನ್ನೊಂದು ಕರಾಚಿಯದು. ಕರಾಚಿ ಎಂದೊಡನೆ ಹುಬ್ಬು ಏರಿಸುವವರು ಇದ್ದಾರು. ಚರಂಡಿ ನೀರಿಗೆ ಪಾಸ್‌ಪೋರ್ಟು ಇಲ್ಲ ಎಂದಷ್ಟೇ ಅವರಿಗೆ ಹೇಳಬಲ್ಲೆ. ಆಗ್ರಾದಲ್ಲಿ ಹುಟ್ಟಿ, ಬ್ರಿಟಿಷರ ಐ.ಸಿ.ಎಸ್. ನೌಕರಿಗೆ ರಾಜೀನಾಮೆ ಕೊಟ್ಟ ಅಖ್ತರ್ ಹಮೀದ್ ಖಾನ್ 1980ರಲ್ಲಿ ಕರಾಚಿಯ ಓರಂಗಿ ಎಂಬ ಬಡವರ ಬಡಾವಣೆಯಲ್ಲಿ ಕೆಲಸ ಶುರುಮಾಡಿದರು. ಓಣಿಯವರು ತಾವೇ ದುಡ್ಡು ಹಾಕಿ ತಮ್ಮ ಓಣಿಯ ಒಳಚರಂಡಿ ಕಟ್ಟಿಕೊಂಡರು. ಅಲ್ಲಿನ ಹುಡುಗರಿಗೆ ಅಳೆಯುವುದನ್ನು, ನಕಾಶೆ ಬರೆಯುವುದನ್ನು ಕಲಿಸಿದರು. ವಾಸ್ತುಶಿಲ್ಪಿ ಪರ್ವೀನ್ ರೆಹಮಾನ್ ಆ ಕೆಲಸವನ್ನು ಇಡೀ ಕರಾಚಿಗೆ ಹಬ್ಬಿಸಿದರು. ಓಣಿಯ ಒಳಗಿನದನ್ನು ಜನ ಕಟ್ಟಿಕೊಂಡಿದ್ದಾರೆ, ಹೊರಗಿನ ದೊಡ್ಡ ನಾಲೆಯನ್ನು ನೀವು ಕಟ್ಟಿ ಎಂದು ನಕಾಶೆ ಮುಂದಿಟ್ಟು ಸರ್ಕಾರದೊಡನೆ ವಾದಿಸಿದರು. ನೀರಿನ ಕಳ್ಳತನ ಎಲ್ಲೆಲ್ಲಿ ನಡೆಯುತ್ತದೆ ಎಂದೂ ಗುರುತು ಹಾಕಿದರು. ಊರಂಚಿನ ಹಳ್ಳಿಗಳ ಜಮೀನನ್ನು ದಾಖಲೆಗೆ ತಂದು, ಅಲ್ಲಿನವರನ್ನು ಎತ್ತಂಗಡಿಯಿಂದ ಕಾಪಾಡಲು ಹೆಣಗಿದರು. 2013ರ ಮಾರ್ಚ್ 13ರಂದು ಅವರನ್ನು ಗುಂಡಿಟ್ಟು ಕೊಂದರು. ಬಂದೂಕು ಹಿಡಿಯದ ಒಬ್ಬ ಹೆಣ್ಣುಮಗಳನ್ನು ಕೊಲ್ಲಬೇಕೆನಿಸುವಷ್ಟು ಬಲ ಬಡವರ ನಕಾಶೆಗೆ ಇದೆ ಎಂಬುದನ್ನು ಬೇರೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ನಮ್ಮೂರುಗಳಿಗೆ ಬರೋಣ. ಹಳ್ಳಿಗೆ ಗ್ರಾಮಸಭೆ ಇದೆ. ದೊಡ್ಡ ನಗರಗಳಿಗೆ ವಾರ್ಡ್ ಸಮಿತಿ ಇದೆ. ಆದರೆ ಸಂವಿಧಾನದ 243 ಎಸ್ ವಿಧಿಯ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯವಾಗುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ಬಸವಕಲ್ಯಾಣ, ಹುಮನಾಬಾದಿನಂಥ ಊರುಗಳು ಈ ಎರಡರ ನಡುವೆ ಬಿದ್ದುಹೋಗಿವೆ. ಹಾಗಿದ್ದ ಮೇಲೆ ಕೇಳುವ ಜಾಗವನ್ನು ನಾವೇ ಮಾಡಿಕೊಳ್ಳಬೇಕು.

ಅದಕ್ಕೆ ಉಪಗ್ರಹ ಬೇಡ, ಡ್ರೋನ್ ಬೇಡ. ಒಂದು ಡ್ರಾಯಿಂಗ್ ಹಾಳೆ, ಒಂದು ಅಳತೆ ಟೇಪು, ಕಾಲೇಜಿನ ಹತ್ತು ಹುಡುಗ ಹುಡುಗಿಯರು ಸಾಕು. ಓಣಿ ಬರೆಯಿರಿ, ಮನೆ ಬರೆಯಿರಿ. ಕೇಳಬೇಕಾದ ಪ್ರಶ್ನೆಗಳು ಐದಾರು: ನಲ್ಲಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ನೀರು? ಚರಂಡಿ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ? ಬೀದಿ ದೀಪ ಎಷ್ಟು ಉರಿಯುತ್ತವೆ? ಕಸದ ಗಾಡಿ ಈ ತಿರುವು ದಾಟಿ ಒಳಗೆ ಬರುತ್ತದೆಯೇ? ಶಾಲೆಯ ಶೌಚಾಲಯಕ್ಕೆ ನೀರಿದೆಯೇ, ಬೀಗ ಇದೆಯೇ? ಶಾಲೆಯ ಸೌಕರ್ಯಗಳ ಸರ್ಕಾರಿ ನಮೂನೆಯನ್ನು ತುಂಬುವುದು ಆ ಶಾಲೆಯೇ. ಅದು ಶಿಕ್ಷಕರ ತಪ್ಪಲ್ಲ. ಆದರೆ ಪರೀಕ್ಷೆ ಬರೆದವನೇ ಅಂಕ ಹಾಕುವ ಪದ್ಧತಿ ಎಲ್ಲಿಯಾದರೂ ಉಂಟೇ? ಹುಮನಾಬಾದಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ. ಅಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು, 65 ಮತ್ತು 50, ಕೂಡುತ್ತವೆ. ಹೆದ್ದಾರಿ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ದೆಹಲಿಯಲ್ಲಿದೆ. ಶಾಲೆಯ ಮಗುವೊಂದು ಅದನ್ನು ದಾಟಲು ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕ ಹುಮನಾಬಾದಿನವರೇ ಇಡಬೇಕು.

ಮೂರು ನಿಯಮಗಳನ್ನು ಮಾತ್ರ ಮುರಿಯಬಾರದು. ಒಂದು, ಕೇಳುವುದು ಮನೆಯವರ ಮಾತಿನಲ್ಲಿ. ನಮ್ಮ ಓಣಿಗಳಲ್ಲಿ ಕನ್ನಡ ಇದೆ, ದಖನಿ ಉರ್ದು ಇದೆ, ಮರಾಠಿ ಇದೆ, ಲಂಬಾಣಿ ಇದೆ. ಕಚೇರಿಯ ಕನ್ನಡದಲ್ಲಿ "ಸೌಲಭ್ಯ ಲಭ್ಯವಿದೆಯೇ" ಎಂದರೆ ಅಜ್ಜಿ "ಹೌದು" ಎಂದು ತಲೆಯಾಡಿಸುತ್ತಾಳೆ. "ಪಾನಿ ಕಬ್ ಆತಾ?" ಎಂದು ಕೇಳಿ ನೋಡಿ, ಅರ್ಧ ಗಂಟೆ ಮಾತಾಡುತ್ತಾಳೆ. ಎರಡು, ಕೇಳುವುದು ಹೆಂಗಸರನ್ನು. ನೀರು ತುಂಬುವವಳು ಒಬ್ಬಳು, ಸರ್ವೆಯಲ್ಲಿ ಉತ್ತರಿಸುವ ಯಜಮಾನ ಇನ್ನೊಬ್ಬ ಎಂಬ ಪದ್ಧತಿ ನಿಲ್ಲಬೇಕು. ಇದನ್ನು ನಮ್ಮ ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಮೂರು, ಮುಸಲ್ಮಾನರ ಓಣಿಯನ್ನಷ್ಟೇ ಬರೆಯಬೇಡಿ. ಮಾದಿಗರ ಓಣಿ, ವಡ್ಡರ ಓಣಿ, ಲಿಂಗಾಯತರ ಓಣಿ ಎಲ್ಲವೂ ಒಂದೇ ಹಾಳೆಯ ಮೇಲೆ ಇರಲಿ. ಆಗ ಮಾತ್ರ ಯಾರ ಓಣಿಗೆ ಏನು ಸಿಕ್ಕಿತು, ಯಾರ ಓಣಿಯಲ್ಲಿ ನೀರು ನಿಂತಿತು ಎಂಬುದು ಕಾಣುತ್ತದೆ. ನಮಗಿಂತ ಕೆಟ್ಟ ಸ್ಥಿತಿಯ ಓಣಿ ಕಂಡರೆ ಮೊದಲು ಅದಕ್ಕಾಗಿ ಅರ್ಜಿ ಬರೆಯುವ ಮನಸ್ಸು ನಮ್ಮದಾಗಲಿ.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 500 ಕೋಟಿ ರೂಪಾಯಿಯ ಯೋಜನೆ. ಸಂತೋಷ. ಆದರೆ ಹನ್ನೆರಡನೆಯ ಶತಮಾನದ ಆ ಮಂಟಪವನ್ನು ನಾವು ನೆನೆಯುವುದು ಕಲ್ಲಿಗಾಗಿ ಅಲ್ಲ. ಚಮ್ಮಾರ, ಅಂಬಿಗ, ಅಗಸ ಎದ್ದು ನಿಂತು ಪ್ರಶ್ನೆ ಕೇಳಬಹುದಿತ್ತು ಎಂಬ ಕಾರಣಕ್ಕೆ. ಅದೇ ಊರಿನಲ್ಲಿ ಇವತ್ತು ಒಂದು ಓಣಿಯವರು ತಾವೇ ಬರೆದ ನಕಾಶೆ ಹಿಡಿದು ನಗರಸಭೆಯ ಮೆಟ್ಟಿಲು ಹತ್ತಿದರೆ, ಅವರಿಗೆ ಕುರ್ಚಿ ಹಾಕಿ ಕೂರಿಸುತ್ತಾರೋ, ಗೇಟಿನಲ್ಲೇ ನಿಲ್ಲಿಸುತ್ತಾರೋ? ಕಲ್ಯಾಣ ಎಂಬ ಹೆಸರಿಗೆ ನಾವು ಎಷ್ಟು ಯೋಗ್ಯರು ಎಂಬುದನ್ನು ಆ ದಿನ ಅಳೆಯಬಹುದು. ಆ ಒಂದು ಸರ್ವೆಯನ್ನು ಮಾಡಲು ಯಾವ ಸಮಿತಿಯೂ ಬೇಕಿಲ್ಲ.