ಹಾಸಿಗೆಯೇ ಗಿಡ್ಡವಾಗುತ್ತಿದೆ, ಎಚ್ಚರ

ಪೀಣ್ಯದ ಕಾರ್ಖಾನೆಯೊಂದರಲ್ಲಿ 25 ವರ್ಷ ದುಡಿದು, ಐವತ್ತು ತುಂಬಿದ ವರ್ಷವೇ ಸ್ವಯಂ ನಿವೃತ್ತಿ ಪಡೆದ ಪರಿಚಿತರೊಬ್ಬರು ಮೊನ್ನೆ ತಮ್ಮ ಲೆಕ್ಕದ ಪುಸ್ತಕವನ್ನು ನಮ್ಮ ಮುಂದೆ ಬಿಚ್ಚಿದರು. ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ಕು. ಎಡಕ್ಕೆ ತಾರೀಖು, ಬಲಕ್ಕೆ ಬಾಬ್ತು. ಬೆಳಿಗ್ಗೆ ಅರ್ಧ ಲೀಟರಿನ ಎರಡು ಪ್ಯಾಕೆಟ್ ಹಾಲು ಬರುತ್ತಿದ್ದದ್ದು ಒಂದಕ್ಕೆ ಇಳಿದಿದೆ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಈ ಸಲ 52 ದಿನ ಬಂತೆಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಮಾರುಕಟ್ಟೆ, ಅಂಚೆ ಕಚೇರಿ, ಬ್ಯಾಂಕು ಎಲ್ಲಕ್ಕೂ ಈಗ ಓಡಾಡುವುದು ಅವರ ಮನೆಯಾಕೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಬಸ್ಸು ಉಚಿತ. "ನಾನು ಹೋದರೆ ಟಿಕೆಟ್ಟು, ಅವಳು ಹೋದರೆ ಪುಕ್ಕಟೆ. ಮನೇಲಿ ಕೂತು ಬೇಳೆಯಲ್ಲಿ ಕಲ್ಲು ಆರಿಸೋದೇ ಈಗ ನನ್ನ ಡ್ಯೂಟಿ, ಸಾರ್" ಎಂದು ನಕ್ಕರು.

ಪುಸ್ತಕದ ಕೊನೆಯ ಪುಟಗಳು ಅಷ್ಟು ನಗುವಂತಿರಲಿಲ್ಲ. ಷಡ್ಡಕನ ಅಂಗಡಿಗೆ ಕೊಟ್ಟ ಕೈಗಡ 3 ಲಕ್ಷ, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮದುವೆ, ಗೃಹಪ್ರವೇಶಗಳ ಮುಯ್ಯಿಗೇ ಒಂದು ಪೂರ್ತಿ ಪುಟ. ಆರೋಗ್ಯ ವಿಮೆ ಎಂದು ಬರೆದ ಕಡೆ ಮೊತ್ತದ ಜಾಗದಲ್ಲಿ "ಮುಂದಿನ ವರ್ಷ ನೋಡೋಣ" ಎಂಬ ಷರಾ. ಬಿಟ್ಟ ಹಾಲಿನ ಪ್ಯಾಕೆಟ್ಟಿಗೆ 24 ರೂಪಾಯಿ ಹಿಡಿದರೆ ವರ್ಷಕ್ಕೆ ಉಳಿಯುವುದು 8,760 ರೂಪಾಯಿ. ಷಡ್ಡಕನಿಗೆ ಹೋದ ಗಂಟನ್ನು ಹಾಲಿನಲ್ಲಿ ತುಂಬಿಕೊಳ್ಳಬೇಕೆಂದರೆ 34 ವರ್ಷ ಕರಿ ಕಾಫಿ ಕುಡಿಯಬೇಕು.

ಐವತ್ತರ ಆಸುಪಾಸಿನಲ್ಲಿ ಕೆಲಸ ಬಿಟ್ಟ, ಬಿಡಲು ಹೊರಟ ಅಥವಾ ಬಿಡಿಸಿಕೊಳ್ಳುತ್ತಿರುವ ಸಾವಿರಾರು ಮನೆಗಳ ಪರವಾಗಿ ಈ ಎಚ್ಚರಿಕೆ ಬರೆಯುತ್ತಿದ್ದೇವೆ. ಈ ಮನೆಗಳಲ್ಲಿ ದುಂದುಗಾರಿಕೆ ಇಲ್ಲ, ಜಿಪುಣತನವೆನ್ನುವಷ್ಟು ಹಿಡಿತವಿದೆ. ಹಿಡಿತ ಮಾತ್ರ ತಪ್ಪು ಪುಟದಲ್ಲಿದೆ. ಇದರ ಪೆಟ್ಟು ಇವತ್ತು ಕಾಣದು. ಕಾಣುವ ಹೊತ್ತಿಗೆ ಮತ್ತೆ ಕೆಲಸಕ್ಕೆ ಹೋಗುವ ವಯಸ್ಸು ದಾಟಿರುತ್ತದೆ.

ಸ್ವಯಂ ನಿವೃತ್ತಿ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಬಾಳುವೆಗಳಿವೆ. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನಿಂದ 78 ಸಾವಿರಕ್ಕೂ ಹೆಚ್ಚು ನೌಕರರು ಒಂದೇ ದಿನ ಹೊರಬಂದರು. ಐವತ್ತು ತುಂಬಿದವರಿಗಷ್ಟೇ ಇದ್ದ ಯೋಜನೆ ಅದು. ಅವರಲ್ಲಿ ದೂರಸಂಪರ್ಕ ಇಲಾಖೆಯ ಕಾಲದಿಂದ ಬಂದವರಿಗೆ ತುಟ್ಟಿಭತ್ಯೆ ಸಹಿತ ಪಿಂಚಣಿಯ ಆಸರೆಯಿದೆ. ಖಾಸಗಿ ಕಾರ್ಖಾನೆಯಿಂದ ಅದೇ ವಯಸ್ಸಿಗೆ ಬಂದವರ ಕೈಯಲ್ಲಿರುವುದು ಇಡಿಗಂಟು ಮಾತ್ರ. ಬೀದಿಯವರ ಕಣ್ಣಿಗೆ ಇಬ್ಬರೂ "ವಿಆರ್‌ಎಸ್ ತಗೊಂಡವರು". ಒಬ್ಬರ ಧೈರ್ಯ ನೋಡಿ ಇನ್ನೊಬ್ಬರು ಸಹಿ ಹಾಕುವುದೇ ಮೊದಲ ತಪ್ಪು.

ಇಡಿಗಂಟು ಕರಗುವ ಬಗೆಯನ್ನು ಲೆಕ್ಕದಲ್ಲೇ ನೋಡೋಣ. ಸ್ವಂತ ಮನೆ ಇದೆ, ಸಾಲವಿಲ್ಲ, ಕೈಯಲ್ಲಿ 40 ಲಕ್ಷ, ತಿಂಗಳ ಖರ್ಚು 30 ಸಾವಿರ ಎಂದುಕೊಳ್ಳಿ. ಠೇವಣಿಗೆ ಶೇ 6.5ರ ಬಡ್ಡಿ, ಖರ್ಚು ವರ್ಷಕ್ಕೆ ಶೇ 6ರಂತೆ ಏರುತ್ತದೆ. ಮೂರು ವರ್ಷ ಕಳೆದಾಗ ಖಾತೆಯಲ್ಲಿ ಇನ್ನೂ 35 ಲಕ್ಷಕ್ಕೂ ಹೆಚ್ಚು ಉಳಿದಿರುತ್ತದೆ. "ಏನೂ ಕರಗಿಲ್ಲವಲ್ಲ" ಎಂಬ ಸಮಾಧಾನ ಹುಟ್ಟುವುದೇ ಆಗ. ಐದನೇ ವರ್ಷದ ಕೊನೆಗೆ 31 ಲಕ್ಷ, ಎಂಟನೆಯದಕ್ಕೆ 21 ಲಕ್ಷ, ಹತ್ತನೆಯದಕ್ಕೆ 11 ಲಕ್ಷ. ಹನ್ನೆರಡನೇ ವರ್ಷದ ನಡುವೆ ಖಾತೆ ಬರಿದು. ಆಗ ವಯಸ್ಸು 61, ತಿಂಗಳ ಖರ್ಚು 57 ಸಾವಿರ. ಈ ಲೆಕ್ಕದಲ್ಲಿ ಮಗಳ ಮದುವೆ ಸೇರಿಲ್ಲ, ಆಸ್ಪತ್ರೆ ಸೇರಿಲ್ಲ, ಷಡ್ಡಕನೂ ಸೇರಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದ ಹಿರಿಯರಿಗೆ ಚಕ್ರಬಡ್ಡಿಯ ಸೂತ್ರ ಗೊತ್ತಿತ್ತೋ ಇಲ್ಲವೋ, ಫಲಿತಾಂಶ ಗೊತ್ತಿತ್ತು.

ಶೇ 6ರ ಏರಿಕೆ ಜಾಸ್ತಿಯಾಯಿತು ಎನ್ನುವವರು 2025ರ ಮೊದಲ ನಾಲ್ಕು ತಿಂಗಳನ್ನು ನೆನೆಸಿಕೊಳ್ಳಲಿ. ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿತು. ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ತುಟ್ಟಿಯಾಯಿತು. ಅದೇ ದಿನದಿಂದ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ ಕರೆಂಟು ಬಿಲ್ಲಿಗೆ ಸೇರಿತು. ಗೃಹಜ್ಯೋತಿಯ ಮಿತಿ ದಾಟಿದ ಮನೆಯಲ್ಲಿ, ತನಗೆ ಪಿಂಚಣಿ ಇಲ್ಲದವನೂ ಬೇರೆಯವರ ಪಿಂಚಣಿಗೆ ಪೈಸೆ ಕಟ್ಟಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಈ ಮನೆಗಳು ಚಾಚೂ ತಪ್ಪದೆ ಪಾಲಿಸುತ್ತಿವೆ. ಆದರೆ ಹಾಸಿಗೆಯೇ ವರ್ಷಕ್ಕಿಷ್ಟು ಗಿಡ್ಡವಾಗುತ್ತಿದ್ದರೆ ಕಾಲನ್ನು ಎಷ್ಟೆಂದು ಮಡಚುವುದು?

"ಪಿಎಫ್ ಪಿಂಚಣಿ ಬರುತ್ತದಲ್ಲ" ಎಂಬ ಭರವಸೆಯನ್ನೂ ತೂಗಿ ನೋಡಬೇಕು. ನೌಕರರ ಪಿಂಚಣಿ ಯೋಜನೆಯಲ್ಲಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 2014ರಲ್ಲಿ ಹಾಕಿದ ಮಿತಿ 15 ಸಾವಿರ. 25 ವರ್ಷ ದುಡಿದವರಿಗೂ ಐದೂವರೆ ಸಾವಿರದ ಆಸುಪಾಸು ಬಂದರೆ ದೊಡ್ಡದು, ಅನೇಕರಿಗೆ ಅಷ್ಟೂ ಇಲ್ಲ. ಅದು ಸಿಗುವುದೂ 58ಕ್ಕೆ. ಐವತ್ತಕ್ಕೇ ಬೇಕೆಂದರೆ ಮುಂಚಿತವಾಗಿ ಪಡೆದ ಪ್ರತಿ ವರ್ಷಕ್ಕೆ ಶೇ 4ರ ಕಡಿತ, ಆ ಕಡಿತ ಬದುಕಿನುದ್ದಕ್ಕೂ. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಯೋಜನೆಯ ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿ ಎಂದು ನಿಗದಿ ಮಾಡಿದ್ದು.

ಐವತ್ತಕ್ಕೆ ಮನೆಗೆ ಬಂದವರ ದೊಡ್ಡ ತೊಡಕು ವಯಸ್ಸಿನದೇ. ದುಡಿಮೆಯ ಲೆಕ್ಕಕ್ಕೆ ಮುದುಕರು, ಸವಲತ್ತಿನ ಲೆಕ್ಕಕ್ಕೆ ಹುಡುಗರು. ಠೇವಣಿಗೆ ಬ್ಯಾಂಕುಗಳು ಕೊಡುವ ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿ ಅರವತ್ತಕ್ಕೆ. ಕೆಎಸ್‌ಆರ್‌ಟಿಸಿಯ ಶೇ 25ರ ರಿಯಾಯಿತಿ ಅರವತ್ತಕ್ಕೆ. ಆಯುಷ್ಮಾನ್ ಭಾರತ್‌ನಲ್ಲಿ ಆದಾಯ ಕೇಳದೆ ಸಿಗುವ 5 ಲಕ್ಷದ ಚಿಕಿತ್ಸೆ ಎಪ್ಪತ್ತಕ್ಕೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಾಗಿಲು ಮಾತ್ರ ನಿವೃತ್ತರಿಗೆ 55ಕ್ಕೇ ತೆರೆಯುತ್ತದೆ. ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು, 30 ಲಕ್ಷದವರೆಗೆ ಇಡಬಹುದು. ಈ ನಿಯಮ ತಿಳಿಯದೆ 55 ತುಂಬಲು ನಾಲ್ಕೈದು ತಿಂಗಳಿರುವಾಗ ಸಹಿ ಹಾಕಿದವರು ಅಂಚೆ ಕಚೇರಿಯ ಕೌಂಟರಿನಿಂದ ಬರಿಗೈಯಲ್ಲಿ ವಾಪಸಾಗುತ್ತಾರೆ. ಅಷ್ಟು ಹತ್ತಿರ ಇರುವವರು ತಿಂಗಳು ಎಣಿಸಿಕೊಂಡು ಕಾಯುವುದೇ ದೊಡ್ಡ ಉಳಿತಾಯ.

ಹತ್ತು ವರ್ಷದ ಈ ಬಯಲಿನಲ್ಲಿ ಮೊದಲು ಬೀಳುವ ಗುಂಡಿ ಆಸ್ಪತ್ರೆಯದು. ಕೆಲಸ ಬಿಟ್ಟೊಡನೆ ಕಂಪನಿಯ ಗುಂಪು ವಿಮೆ ನಿಲ್ಲುತ್ತದೆ. ಆಮೇಲೆ ಹೊಸ ಪಾಲಿಸಿ ಮಾಡಿಸಿದರೆ ಸಕ್ಕರೆ ಕಾಯಿಲೆ, ಬಿಪಿಯಂತಹ ಹಳೆಯ ತೊಂದರೆಗಳಿಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಬಹುದು. ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಂಡರೆ ಗುಂಪಿನಲ್ಲಿ ಕಳೆದ ವರ್ಷಗಳು ಆ ಕಾಯುವ ಅವಧಿಗೆ ಲೆಕ್ಕಕ್ಕೆ ಬರುತ್ತವೆ. ಈ ಅರ್ಜಿ ಹಾಕಬೇಕಾದದ್ದು ಕೆಲಸದಲ್ಲಿ ಇರುವಾಗಲೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಇಎಸ್‌ಐಯಲ್ಲಿ ಕನಿಷ್ಠ ಐದು ವರ್ಷ ಇದ್ದು ಸ್ವಯಂ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಮನೆಯಾಕೆಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ನೂರಿಪ್ಪತ್ತು ರೂಪಾಯಿಯ ಈ ಸಂಗತಿಯನ್ನು ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ತಟ್ಟೆಯ ಜೊತೆ ಒಂದು ಚೀಟಿಯಲ್ಲಿ ಬರೆದು ಕೊಡುವ ಕಂಪನಿಗಳು ಎಷ್ಟಿವೆ?

ಎರಡನೇ ಗುಂಡಿ ಬಡ್ಡಿಯ ಆಸೆ. ಮೇಲಿನ ಲೆಕ್ಕದಂತೆ ಬಡ್ಡಿಯ ಹಣ ತಿಂಗಳ ಖರ್ಚಿಗೆ ಎಂಟು ಸಾವಿರ ಸಾಲದೆ ಬಂದಾಗ, ಒಂದೆರಡು ಪರ್ಸೆಂಟ್ ಹೆಚ್ಚು ಕೊಡುವ ಕಡೆಗೆ ಮನಸ್ಸು ವಾಲುವುದು ಸಹಜ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ಠೇವಣಿ ಎಷ್ಟೇ ಇದ್ದರೂ ತೆಗೆಯಲು ಬಿಟ್ಟದ್ದು 35 ಸಾವಿರ. ಬಾಗಿಲ ಮುಂದೆ ನಿಂತವರಲ್ಲಿ ನಿವೃತ್ತರು ಎದ್ದು ಕಾಣುತ್ತಿದ್ದರು. ಠೇವಣಿ ವಿಮೆ ಒಂದು ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು ಮರುತಿಂಗಳು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿಗೆ ಇವತ್ತಿಗೂ ಅಷ್ಟಕ್ಕೇ ಖಾತರಿ. ಗಂಟನ್ನು ಒಂದೇ ಕಡೆ ಕಟ್ಟಿಡುವ ಮುನ್ನ ಆ ಬೀದಿಯ ಸಾಲು ಕಣ್ಣ ಮುಂದೆ ಬರಬೇಕು.

ಇತ್ತ ಸಾಫ್ಟ್‌ವೇರ್ ಕಂಪನಿಗಳಲ್ಲಿ ನಲವತ್ತೈದಕ್ಕೇ ಸಾಕೆನ್ನುವ ಉಮೇದು ಹಬ್ಬಿದೆ. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಗೆದ್ದಂತೆ ಎಂಬುದು ಅವರ ಸೂತ್ರ. ಇದರ ಬೇರು ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿದೆ. ಅವರು ನೋಡಿದ್ದು ಆ ದೇಶದ ಷೇರು, ಬಾಂಡುಗಳ ಚರಿತ್ರೆಯನ್ನು, 30 ವರ್ಷದ ನಿವೃತ್ತಿಗಾಗಿ. ನಲವತ್ತೈದಕ್ಕೆ ಬಿಟ್ಟವರು ನಲವತ್ತು ವರ್ಷ ಬದುಕಬೇಕು, ಅದೂ ಬೆಂಗಳೂರಿನ ಶಾಲಾ ಶುಲ್ಕ, ಬಾಡಿಗೆಗಳ ನಡುವೆ. ನಮ್ಮ 40 ಲಕ್ಷದ ಲೆಕ್ಕಕ್ಕೆ ಆ ಸೂತ್ರ ಹಚ್ಚಿದರೂ ಬೇಕಾಗುವುದು 90 ಲಕ್ಷ, ಇರುವುದು 40.

ಅಪಾಯ ಬರುವ ಮುಂಚೆ ಕುರುಹು ತೋರಿಸುತ್ತದೆ. ಬಡ್ಡಿ ಸಾಲದೆ ಅಸಲಿಗೆ ಕೈ ಹಾಕಿದ ತಿಂಗಳು ಮೊದಲನೆಯದು. ವಿಮೆಯ ಕಂತು ಮುಂದೂಡಿದ್ದು ಎರಡನೆಯದು. ಒಡವೆ ಅಡವಿಟ್ಟು ಮುಯ್ಯಿ ಮಾಡಿದ್ದು ಮೂರನೆಯದು. ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗತೊಡಗಿದ್ದು ನಾಲ್ಕನೆಯದು, ಅದನ್ನು ಉಳಿತಾಯವೆಂದು ಕರೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಇವುಗಳಲ್ಲಿ ಎರಡು ಕಂಡರೂ ಸಂಕೋಚ ಬಿಟ್ಟು ಸಣ್ಣದೊಂದು ಕೆಲಸ ಹುಡುಕಬೇಕು. ನಮ್ಮ 40 ಲಕ್ಷದ ಲೆಕ್ಕದಲ್ಲಿ ತಿಂಗಳಿಗೆ ಹತ್ತು ಸಾವಿರ ಬಂದರೆ ಆರಂಭದ ಕೊರತೆ ಅಲ್ಲಿಗೇ ಮುಚ್ಚುತ್ತದೆ. ಐವತ್ತೆರಡಕ್ಕೆ ಅದು ಸಿಗುತ್ತದೆ, ಅರವತ್ತೊಂದಕ್ಕೆ ಕೇಳಿದರೆ ಕಷ್ಟ.

ಹೊಣೆ ಮನೆಯವರದ್ದಷ್ಟೇ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಸ್ವಯಂ ನಿವೃತ್ತಿಯ ಪತ್ರ ಕೊಡುವ ಕಂಪನಿ, ಅದರ ಜೊತೆಗೇ ವಿಮೆ ವರ್ಗಾವಣೆಯ ಅರ್ಜಿಯನ್ನೂ ಅರವತ್ತರವರೆಗಿನ ಪಿಂಚಣಿ ಲೆಕ್ಕವನ್ನೂ ಕನ್ನಡದಲ್ಲಿ ಕೊಡಬೇಕು. ಯೋಚಿಸಲು ಒಂದು ತಿಂಗಳಾದರೂ ಬಿಡಬೇಕು. ಕೇಂದ್ರ ಸರ್ಕಾರ ಉಳಿತಾಯ ಯೋಜನೆಯ ಬಾಗಿಲನ್ನು ಸ್ವಯಂ ನಿವೃತ್ತರಿಗೆ ಐವತ್ತಕ್ಕೇ ತೆರೆಯಬೇಕು. ಸಾವಿರ ರೂಪಾಯಿಯ ಪಿಂಚಣಿಯನ್ನು ಇನ್ನೂ ಪಿಂಚಣಿ ಎಂದು ಕರೆಯುವುದು ನಾಚಿಕೆಗೇಡು. ರಾಜ್ಯದ ಕಾರ್ಮಿಕ ಇಲಾಖೆ ಕೈಗಾರಿಕಾ ಪ್ರದೇಶಗಳಲ್ಲಿ ಇದಕ್ಕೊಂದು ಸಲಹಾ ಕೇಂದ್ರ ತೆರೆದರೆ ಖರ್ಚು ಕಡಿಮೆ, ಉಪಕಾರ ದೊಡ್ಡದು.

ಇನ್ನೂ ಸಹಿ ಹಾಕದವರಿಗೆ ನಮ್ಮ ಸಲಹೆ ಒಂದು ತಾಲೀಮು. ಸಂಬಳ ಬರುತ್ತಿರುವಾಗಲೇ ಆರು ತಿಂಗಳು, ಬರಲಿರುವ ಬಡ್ಡಿಯ ಮೊತ್ತದಲ್ಲಷ್ಟೇ ಸಂಸಾರ ನಡೆಸಿ ನೋಡಿ. ಉಳಿದದ್ದನ್ನು ಮುಟ್ಟಬೇಡಿ. ವಿಮೆಯ ಕಂತನ್ನು ಅದರೊಳಗೇ ಕಟ್ಟಿ. ಒಂದು ಮದುವೆ, ಒಂದು ಹಬ್ಬ, ಒಂದು ಜ್ವರ ಆ ಆರು ತಿಂಗಳಲ್ಲಿ ಬಂದೇ ಬರುತ್ತದೆ. ದಾಟಿದರೆ ಧೈರ್ಯವಾಗಿ ಸಹಿ ಹಾಕಿ.

ಪೀಣ್ಯದ ಪರಿಚಿತರು ಹೊರಡುವಾಗ ಪುಸ್ತಕ ಮಡಚಿ ಚೀಲಕ್ಕೆ ಹಾಕಿಕೊಂಡರು. ಮೊದಲ ಪುಟದ ತಾರೀಖು ನಮಗೆ ಕಂಡಿತ್ತು. ಕಂಪನಿ ಶಾಲು ಹೊದಿಸಿ ಕಳಿಸಿದ ಮರುದಿನದ್ದು ಅದು. ಆ ಪುಸ್ತಕ ಆರು ತಿಂಗಳು ಮೊದಲೇ ಶುರುವಾಗಬೇಕಿತ್ತು.